ಜೆರ್ಸಿ ಆಮೇಲೆ, ಮೊದಲು ಪೆಡಲ್

ಕಳೆದ ವರ್ಷ ನಮ್ಮೂರ ಜಾತ್ರೆಯ ಸೈಕಲ್ ಶರ್ಯತ್ತಿನಲ್ಲಿ ನನ್ನ ತಂಗಿ ಬಿದ್ದಳು. ಎದುರಿಗೆ ಯಾರೂ ಬಂದಿರಲಿಲ್ಲ. ರಸ್ತೆಯಲ್ಲಿ ಗುಂಡಿಯೂ ಇರಲಿಲ್ಲ. ಕೆರೆ ದಂಡೆಯ ತಿರುವು ದಾಟಿ, ಸೀಟಿನಿಂದ ಎದ್ದು ನಿಂತು ಜೋರಾಗಿ ತುಳಿಯುವಾಗ ಬಲಗಾಲಿನ ಪೆಡಲ್ ಕಿತ್ತುಕೊಂಡು ಬಂತು. ಒಳಗಿನ ಕಬ್ಬಿಣದ ಆಕ್ಸಲ್ ಕ್ರ್ಯಾಂಕಿನಲ್ಲೇ ಉಳಿಯಿತು. ಪ್ಲಾಸ್ಟಿಕ್ ಪೆಡಲ್ ಮಾತ್ರ ಟೋ ಕ್ಲಿಪ್ಪು, ಪಟ್ಟಿ ಸಮೇತ ಅವಳ ಬೂಟಿಗೆ ನೇತಾಡುತ್ತಿತ್ತು.

ಮೊಣಕಾಲು ತರಚಿತ್ತು, ಮೊಣಕೈಗೆ ನಾಲ್ಕು ಹೊಲಿಗೆ ಬಿದ್ದವು. ಹನ್ನೆರಡು ದಿನ ಬಿಟ್ಟು ವಿಜಯಪುರದಲ್ಲಿ ಕ್ರೀಡಾ ಹಾಸ್ಟೆಲ್ ಆಯ್ಕೆ ಇತ್ತು. ಅವತ್ತು ರಾತ್ರಿ ಅಪ್ಪ ಹೇಳಿದ್ದು ಇಷ್ಟೇ: “ಸಾಕ್ ಬಿಡ ಯವ್ವಾ ಈ ಸೈಕಲ್ ಚಾಳಿ. ಕೈಕಾಲು ಮುರಕೊಂಡ್ರ ನಾಳೆ ಯಾರ್ ಹೊಣಿ?”

ಹುಡುಗ ಬಿದ್ದರೆ ಮನೆಯವರು ಸೈಕಲ್ ರಿಪೇರಿ ಮಾಡಿಸುತ್ತಾರೆ. ಹುಡುಗಿ ಬಿದ್ದರೆ ಸೈಕಲ್ ಓಡಿಸುವುದನ್ನೇ ನಿಲ್ಲಿಸುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಇದನ್ನು ಎಷ್ಟು ಮನೆಯಲ್ಲಿ ನೋಡಿಲ್ಲ! ಅದಕ್ಕೇ ಇವತ್ತು ಒಂದು ಸಣ್ಣ ಸಾಮಾನಿನ ಬಗ್ಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ತಪ್ಪು ನನ್ನದೇ. ಆ ಪೆಡಲ್ ಕೊಡಿಸಿದವನು ನಾನು. ಪೇಟೆಗೆ ಹೋದಾಗ ಅವಳಿಗೆ ಹೆಸರು ಬರೆಸಿದ ಜೆರ್ಸಿಗೆ 900 ರೂಪಾಯಿ ಕೊಟ್ಟೆ. ಪೆಡಲ್ ಜೋಡಿಗೆ ಕೊಟ್ಟದ್ದು 160. ನೋಡಲು ರೇಸ್ ಸೈಕಲ್ಲಿನದರಂತೆಯೇ ಇತ್ತು, ಕಪ್ಪು ಬಣ್ಣ, ಹಗುರ. ಟೋ ಕ್ಲಿಪ್ ಕೂಡ ಅದೇ ಅಂಗಡಿಯಲ್ಲಿ ಸಿಕ್ಕಿತು. ಎರಡೂ ಕೂಡುತ್ತವೆಯೋ ಇಲ್ಲವೋ ಎಂದು ನಾನು ಕೇಳಲಿಲ್ಲ, ಅಂಗಡಿಯವರೂ ಹೇಳಲಿಲ್ಲ.

ಮರುದಿನ ಮುರಿದ ಪೆಡಲ್ ಹಿಡಿದು ನಮ್ಮೂರ ಬಸ್ ಸ್ಟ್ಯಾಂಡಿನ ಸೈಕಲ್ ಅಂಗಡಿ ಕಾಕಾನ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಒಳಗೆ ನೋಡಿದರು. “ಇದರಾಗ ಬಾಲ್ಸೇ ಇಲ್ಲೋ ತಮ್ಮಾ. ಪ್ಲಾಸ್ಟಿಕ್ ತೂತಿನ್ಯಾಗ ಕಡ್ಡಿ ತುರುಕ್ಯಾರ. ತಿರುಗಿ ತಿರುಗಿ ತೂತು ಅಗಲ ಆಗೇತಿ. ಸಾಲಿಗೆ ಹೋಗಾಕ ನಡೀತೈತಿ ಇದು. ಎಳಿಯಾಕ ಅಲ್ಲ.”

ಅವರ ಕೊನೆಯ ಮಾತಿನಲ್ಲೇ ವಿಷಯವೆಲ್ಲ ಇದೆ. ಸಾಮಾನ್ಯ ಪೆಡಲ್ ಇರುವುದು ಕೆಳಗೆ ತುಳಿಯಲು. ಅದಕ್ಕೆ ಟೋ ಕ್ಲಿಪ್ ಹಾಕಿದ ಮೇಲೆ ಕಾಲು ಅದನ್ನು ಮುಂದಕ್ಕೂ ಹಿಂದಕ್ಕೂ ಮೇಲಕ್ಕೂ ಎಳೆಯುತ್ತದೆ. ಎದ್ದು ನಿಂತು ತುಳಿಯುವಾಗ ಅಕ್ಕಪಕ್ಕಕ್ಕೂ ತಿರುಚುತ್ತದೆ. ಆ ಎಳೆತವನ್ನೆಲ್ಲ ತಡೆಯಬೇಕಾದದ್ದು ಪೆಡಲಿನ ಚೌಕಟ್ಟು, ಒಳಗಿನ ಬೇರಿಂಗು ಮತ್ತು ಕೊನೆಯ ನಟ್ಟು. ಒಂದು ಸಡಿಲವಾದರೂ ನನ್ನ ತಂಗಿಗೆ ಆದದ್ದೇ ಆಗುತ್ತದೆ.

ಟೋ ಕ್ಲಿಪ್ ಎಂದರೇನು ಎಂದು ಕೇಳುವವರಿಗೆ ಎರಡು ಮಾತು. ಪೆಡಲಿನ ಮುಂದೆ ಬೂಟಿನ ತುದಿಯನ್ನು ಹಿಡಿಯುವ ಒಂದು ಬಾಗಿದ ಕೊಂಡಿ ಇರುತ್ತದೆ, ಸ್ಟೀಲಿನದು ಅಥವಾ ಪ್ಲಾಸ್ಟಿಕ್ಕಿನದು. ಅದರ ಜೊತೆ ಪಾದದ ಮೇಲೆ ಬರುವ ಒಂದು ಪಟ್ಟಿ. ಜೋರಾಗಿ ತುಳಿಯುವಾಗ ಕಾಲು ಜಾರದಂತೆ, ಪಾದದ ಅಗಲ ಭಾಗ ಆಕ್ಸಲ್ ಮೇಲೆಯೇ ಇರುವಂತೆ ಅದು ನೋಡಿಕೊಳ್ಳುತ್ತದೆ. ಮೇಲಕ್ಕೆ ಎಳೆದರೆ ಶಕ್ತಿ ದುಪ್ಪಟ್ಟಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಉತ್ಪ್ರೇಕ್ಷೆ. ನಿಜವಾದ ಲಾಭ ಕಾಲು ಜಾರದಿರುವುದು. ಕಲ್ಲು ಎದ್ದ ರಸ್ತೆಯಲ್ಲಿ, ಬೆವರಿದ ಬೂಟಿನಲ್ಲಿ ಅದೇ ದೊಡ್ಡದು.

ಇದು ಹಳೆಯ ಕಾಲದ ಸಾಮಾನು, ಈಗ ಯಾರು ಹಾಕುತ್ತಾರೆ ಎಂದು ಜಾತ್ರೆಯಲ್ಲಿ ನಕ್ಕವರೂ ಇದ್ದರು. ಹಳೆಯದು ನಿಜ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1969ರಿಂದ 1974ರ ನಡುವೆ ಐದು ಸಲ ಟೂರ್ ದ ಫ್ರಾನ್ಸ್ ಗೆದ್ದದ್ದು ಟೋ ಕ್ಲಿಪ್ಪಿನಲ್ಲೇ. 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದೇ ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದದ್ದೂ ಅದರಲ್ಲೇ. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಬೂಟಿನ ಅಡಿಗೆ ಕಚ್ಚಿಕೊಳ್ಳುವ ಪೆಡಲ್ ತಂದಿತು. ಮರುವರ್ಷ ಬರ್ನಾರ್ಡ್ ಇನೋ ಅದೇ ಪೆಡಲ್ ಹಾಕಿಕೊಂಡು ಟೂರ್ ಗೆದ್ದ ಮೇಲೆ ದೊಡ್ಡ ರೇಸುಗಳಿಂದ ಟೋ ಕ್ಲಿಪ್ ನಿಧಾನವಾಗಿ ಮರೆಯಾಯಿತು. ಆದರೆ ಜಪಾನಿನಲ್ಲಿ 1948ರಿಂದ ನಡೆದು ಬಂದಿರುವ ಕೇರಿನ್ ಎಂಬ ಟ್ರ್ಯಾಕ್ ರೇಸಿನಲ್ಲಿ, ಅದನ್ನೇ ಹೊಟ್ಟೆಪಾಡು ಮಾಡಿಕೊಂಡ ಸವಾರರು ಲೋಹದ ಪೆಡಲಿಗೆ ಪಟ್ಟಿ ಬಿಗಿದೇ ತುಳಿಯುತ್ತ ಬಂದಿದ್ದಾರೆ. ಅವರ ವೇಗ ನೋಡಿದವರು ಟೋ ಕ್ಲಿಪ್ ನೋಡಿ ನಗುವುದಿಲ್ಲ.

ಹಾಗಾದರೆ ಆ ಕಚ್ಚಿಕೊಳ್ಳುವ ಪೆಡಲ್ ಅನ್ನೇ ಕೊಡಿಸಬಾರದೇ? ನನ್ನ ಅಭಿಪ್ರಾಯ: ಹಳ್ಳಿಯ ಮಗುವಿಗೆ ಮೊದಲ ಎರಡು ವರ್ಷ ಬೇಡ. ಅದಕ್ಕೆ ಬೇರೆಯದೇ ಬೂಟು ಬೇಕು. ಬೂಟಿನ ಅಡಿಯ ಕ್ಲೀಟ್ ಸವೆಯುತ್ತದೆ, ಬದಲಿಸುತ್ತಿರಬೇಕು. ಹದಿಮೂರು ವರ್ಷದ ಮಗುವಿನ ಪಾದ ವರ್ಷ ವರ್ಷಕ್ಕೂ ಬೆಳೆಯುತ್ತದೆ, ಅಷ್ಟು ದುಬಾರಿ ಬೂಟು ಒಂದೇ ವರ್ಷಕ್ಕೆ ಸಣ್ಣದಾಗುತ್ತದೆ. ಅದನ್ನು ಹಾಕಿಕೊಂಡು ನಮ್ಮ ಎರೆ ಮಣ್ಣಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಕ್ಲೀಟಿಗೆ ಮಣ್ಣು ಮೆತ್ತಿ ಪೆಡಲಿಗೆ ಕೂರುವುದೇ ಇಲ್ಲ. ಟೋ ಕ್ಲಿಪ್ಪಿಗೆ ಶಾಲೆಯ ಕ್ಯಾನ್ವಾಸ್ ಬೂಟೇ ಸಾಕು. ಮುಂದೆ ಹಾಸ್ಟೆಲ್ ಸೇರಿ, ಕೋಚ್ ಬೇಕೆಂದು ಹೇಳಿದಾಗ ಬದಲಿಸಿದರಾಯಿತು.

ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕ್ಲಿಂಗ್‌ಗೆ ಹೆಸರಾದವು. ಇಲ್ಲಿಂದ ರಾಷ್ಟ್ರಮಟ್ಟಕ್ಕೆ ಹೋದವರಲ್ಲಿ ಹೆಚ್ಚಿನವರು ರೈತರ, ಕೂಲಿಯವರ ಮಕ್ಕಳು. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಸೈಕಲ್ ಬಂದದ್ದೂ ಬಹಳ ಹಿಂದೆ ಏನಲ್ಲ. 2006-07ರಲ್ಲಿ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಎಷ್ಟೋ ಮನೆಗಳಲ್ಲಿ ಮೊದಲ ಸಲ ಹುಡುಗಿಯ ಹೆಸರಿನಲ್ಲಿ ಒಂದು ಸೈಕಲ್ ನಿಂತಿತು. ಶಾಲೆಗೆ ತುಳಿದವಳಿಗೆ ಶರ್ಯತ್ತಿಗೂ ತುಳಿಯುವ ಮನಸ್ಸಾಗುತ್ತದೆ. ಹೀಗೆ ಶುರು ಮಾಡುವವರ ಮನೆಯಲ್ಲಿ ಹತ್ತು ಸಾಮಾನು ಒಟ್ಟಿಗೆ ಕೊಳ್ಳುವ ಹಣ ಇರುವುದಿಲ್ಲ. ಹೆಲ್ಮೆಟ್ ಮಾತು ಬೇರೆ, ಅದು ಬೇಕೇ ಬೇಕು. ಅದಾದ ಮೇಲೆ ಉಳಿದ ಹಣ ಮೊದಲು ಹೋಗಬೇಕಾದದ್ದು ಗಟ್ಟಿ ಪೆಡಲಿಗೆ. ಜೆರ್ಸಿ, ಕೈಗವಸು, ತಂಪು ಕನ್ನಡಕ ಎಲ್ಲ ಆಮೇಲೆ.

ಈಗ ಅಂಗಡಿಯಲ್ಲಿ ಏನು ನೋಡಬೇಕು ಎಂಬ ಮಾತಿಗೆ ಬರೋಣ. ಕಾಕಾ ಹೇಳಿಕೊಟ್ಟದ್ದು, ನಾನು ನಾಲ್ಕು ಅಂಗಡಿ ತಿರುಗಿ ಕಲಿತದ್ದು ಸೇರಿಸಿ ಬರೆಯುತ್ತಿದ್ದೇನೆ.

ಮೊದಲನೆಯದು, ತೂತು. ಟೋ ಕ್ಲಿಪ್ ಪೆಡಲಿನ ಮುಂದಿನ ಪಟ್ಟಿಗೆ ಎರಡು ಬೋಲ್ಟಿನಿಂದ ಕೂರುತ್ತದೆ. ಆ ಎರಡು ತೂತು ಇದೆಯೇ ನೋಡಿ. ಹಲವು ಪೆಡಲುಗಳಲ್ಲಿ ಅಲ್ಲಿ ಹಳದಿ ರಿಫ್ಲೆಕ್ಟರ್ ಕೂತಿರುತ್ತದೆ. ಅದನ್ನು ಬಿಚ್ಚಿದರೆ ಅದೇ ತೂತಿಗೆ ಕ್ಲಿಪ್ ಹಾಕಬಹುದು. ಹಿಂದಿನ ರಿಫ್ಲೆಕ್ಟರ್ ಹಾಗೇ ಇರಲಿ, ರಾತ್ರಿ ಹಿಂದಿನಿಂದ ಬರುವವರಿಗೆ ಕಾಣಲು ಬೇಕು. ಶಾಲೆಯ ಸೈಕಲ್ಲಿನ ರಬ್ಬರ್ ಗಟ್ಟಿಯ ಪೆಡಲಿಗೆ ಇಂಥ ತೂತು ಇರುವುದಿಲ್ಲ. ತಂತಿ ಸುತ್ತಿ ಕೂರಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ.

ಎರಡನೆಯದು, ಪಟ್ಟಿ ಹೋಗುವ ದಾರಿ. ಪೆಡಲಿನ ಎರಡೂ ಬದಿಯ ಚೌಕಟ್ಟಿನಲ್ಲಿ ಉದ್ದ ಸೀಳು ಇರಬೇಕು, ಪಟ್ಟಿ ಅದರೊಳಗಿಂದ ಹಾದುಹೋಗಬೇಕು. ಕ್ಲಿಪ್ಪಿಗೆ ತೂತು ಇದ್ದು ಪಟ್ಟಿಗೆ ದಾರಿ ಇಲ್ಲದ ಪೆಡಲುಗಳೂ ಇವೆ. ಒಂದು ಪಟ್ಟಿ ಕೇಳಿ ತೆಗೆದುಕೊಂಡು ಅಂಗಡಿಯಲ್ಲೇ ತೂರಿಸಿ ನೋಡಿ.

ಮೂರನೆಯದು, ಚೌಕಟ್ಟು. ಸ್ಟೀಲ್ ಅಥವಾ ಅಲ್ಯೂಮಿನಿಯಂ ಇರಲಿ. ಕ್ಲಿಪ್ಪಿನ ಬೋಲ್ಟ್ ಪ್ಲಾಸ್ಟಿಕ್ಕನ್ನು ಕಚ್ಚಿ ಹಿಡಿದರೆ ತೂತಿನ ಸುತ್ತ ಬಿರುಕು ಬರಬಹುದು. ತಂಗಿಯ ಪೆಡಲಿನಲ್ಲಿ ಆ ಬಿರುಕೂ ಇತ್ತು. ನಾವು ನೋಡಿರಲಿಲ್ಲ.

ನಾಲ್ಕನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ಪೆಡಲ್ ಬಿಚ್ಚಲು ಬರಬೇಕು. ಹೊರತುದಿಯಲ್ಲಿ ಒಂದು ಮುಚ್ಚಳ ಇರುತ್ತದೆ. ಅದು ತೆಗೆಯಲು ಬಂದರೆ ಒಳಗೆ ನಟ್ಟು, ವಾಷರು, ಕೋನು, ಬಾಲ್ಸು ಕಾಣುತ್ತವೆ. ಬಾಲ್ಸು ಸವೆದರೆ ಹೊಸದು ಹಾಕಬಹುದು. ಸಡಿಲವಾದರೆ ಕೋನ್ ಬಿಗಿಯಬಹುದು. ಒಣಗಿದರೆ ಗ್ರೀಸ್ ತುಂಬಬಹುದು. ಈ ಕೆಲಸ ನಿಮ್ಮೂರ ಸೈಕಲ್ ಅಂಗಡಿಯಲ್ಲೇ ಆಗುತ್ತದೆ. ಮುಚ್ಚಳವೇ ಇಲ್ಲದೆ ಬಡಿದು ಮುಚ್ಚಿದ ಪೆಡಲ್ ಹಾಳಾದರೆ ತಿಪ್ಪೆಗೇ ಹೋಗಬೇಕು. ದುಬಾರಿ ಪೆಡಲುಗಳಲ್ಲಿ ಸೀಲ್ಡ್ ಬೇರಿಂಗ್ ಬರುತ್ತದೆ. ಅದು ಒಳ್ಳೆಯದೇ, ಆದರೆ ಅದೇ ಅಳತೆಯ ಬೇರಿಂಗ್ ಹುಡುಕಿಕೊಂಡು ಪಟ್ಟಣ ಸುತ್ತಬೇಕು. ಬಾಳಿಕೆ ಎಂದರೆ ಮುರಿಯದಿರುವುದು ಮಾತ್ರ ಅಲ್ಲ, ಮುರಿದಾಗ ಊರಲ್ಲೇ ಸರಿಯಾಗುವುದು ಕೂಡ.

ಐದನೆಯದು, ಕೈಯಲ್ಲಿ ಪರೀಕ್ಷೆ. ಆಕ್ಸಲ್ ಹಿಡಿದು ಪೆಡಲ್ ತಿರುಗಿಸಿ. ಕರಕರ ಎನ್ನಬಾರದು. ಆಮೇಲೆ ಪೆಡಲನ್ನು ಮೇಲೆ ಕೆಳಗೆ ಅಲುಗಾಡಿಸಿ. ಟಕ್ ಟಕ್ ಎಂದು ಆಡಿದರೆ ಒಳಗೆ ಸಡಿಲ ಇದೆ. ಹೊಸ ಪೆಡಲ್ ಸ್ವಲ್ಪ ಬಿಗಿಯಾಗಿ ತಿರುಗಿದರೆ ಹೆದರಬೇಡಿ, ಅದನ್ನು ಕೋನ್ ಸಡಿಲಿಸಿ ಸರಿ ಮಾಡಬಹುದು. ಆಡುವ ಪೆಡಲ್ ಮಾತ್ರ ಬೇಡ.

ಆರನೆಯದು, ಥ್ರೆಡ್. ದೊಡ್ಡವರ ಸೈಕಲ್ಲುಗಳಿಗೆ ಸಾಮಾನ್ಯವಾಗಿ 9/16 ಇಂಚಿನ ಥ್ರೆಡ್ ಬರುತ್ತದೆ. ಒಂದೇ ಕಬ್ಬಿಣ ಬಗ್ಗಿಸಿ ಮಾಡಿದ ಕ್ರ್ಯಾಂಕ್ ಇರುವ ಚಿಕ್ಕ ಮಕ್ಕಳ ಸೈಕಲ್ಲುಗಳಿಗೆ 1/2 ಇಂಚು. ಹಳೆಯ ಪೆಡಲ್ ಒಂದನ್ನು ಜೊತೆಗೆ ಒಯ್ದರೆ ಗೊಂದಲವೇ ಇಲ್ಲ.

ಯಾವ ಕಂಪನಿ ಎಂದು ಕೇಳುತ್ತೀರಿ. ಜಪಾನಿನ ಎಂ.ಕೆ.ಎಸ್. ಎಂಬ ಹೆಸರಿನ ಪೆಡಲುಗಳಿಗೆ ಈ ವಿಷಯದಲ್ಲಿ ಜಗತ್ತಿನಲ್ಲೆಲ್ಲ ಒಳ್ಳೆಯ ಹೆಸರಿದೆ. ಅವರ ಸಿಲ್ವನ್ ಎಂಬ ಪೆಡಲು ಲೋಹದ್ದು, ಟೋ ಕ್ಲಿಪ್ಪಿಗೆ ಜಾಗ ಇದೆ, ಬಿಚ್ಚಿ ಗ್ರೀಸ್ ಹಾಕಲೂ ಬರುತ್ತದೆ. ಆದರೆ ಹೊರದೇಶದಿಂದ ತರಿಸಿದರೆ ಬೆಲೆ ಏರುತ್ತದೆ. ಹೆಸರಿನ ಹಿಂದೆ ಬೀಳಬೇಡಿ. ಮೇಲಿನ ಆರೂ ಗುಣ ಇರುವ ಪೆಡಲ್ ನಮ್ಮ ಜಿಲ್ಲಾ ಪೇಟೆಯಲ್ಲಿ ಹುಡುಕಿದರೆ ಸಿಗುತ್ತದೆ. ನಾನು ಆಮೇಲೆ ಕೊಂಡ ಜೋಡಿಗೆ, ಕ್ಲಿಪ್ಪು ಪಟ್ಟಿ ಎಲ್ಲ ಸೇರಿ, ಆ ಜೆರ್ಸಿಗಿಂತ ಸ್ವಲ್ಪ ಹೆಚ್ಚು ಬಿತ್ತು ಅಷ್ಟೇ.

ಕ್ಲಿಪ್ಪಿನಲ್ಲೂ ಅಳತೆ ಇದೆ. ಪಾದದ ಅಗಲ ಭಾಗ ಆಕ್ಸಲ್ ಮೇಲೆ ಬಂದಾಗ ಬೂಟಿನ ತುದಿಗೂ ಕ್ಲಿಪ್ಪಿಗೂ ನಡುವೆ ಒಂದು ಪೆನ್ಸಿಲ್ ದಪ್ಪದಷ್ಟು ಜಾಗ ಇರಲಿ. ಬೆರಳು ತಾಗುತ್ತಿದ್ದರೆ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ. ಪಟ್ಟಿ ಚರ್ಮದ್ದಾದರೆ ಮಳೆಯಲ್ಲಿ ನೆನೆದು ಹಿಗ್ಗುತ್ತದೆ. ನೈಲಾನಿನದು ನಮ್ಮ ಉಪಯೋಗಕ್ಕೆ ಸಾಕು. ಪಟ್ಟಿಯನ್ನು ಪೆಡಲಿನೊಳಗೆ ತೂರಿಸುವಾಗ ನಡುವೆ ಒಂದು ಸಲ ತಿರುವಿ ಹಾಕಿದರೆ ಅದು ಅತ್ತಿತ್ತ ಸರಿಯುವುದಿಲ್ಲ. ಬಕಲ್ ಹೊರಬದಿಗೆ ಬರಬೇಕು, ಒಳಗೆ ಬಂದರೆ ಕ್ರ್ಯಾಂಕಿಗೆ ತಾಗುತ್ತದೆ.

ಹಾಕುವಾಗ ಒಂದು ಎಚ್ಚರ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ಆಕ್ಸಲ್ ಮೇಲೆ ಎಲ್, ಆರ್ ಎಂಬ ಅಕ್ಷರ ಕೊರೆದಿರುತ್ತಾರೆ. ಎಲ್ ಎಂದರೆ ಎಡ, ಆರ್ ಎಂದರೆ ಬಲ. ನೆನಪಿಡಲು ಸುಲಭ ಲೆಕ್ಕ ಇದೆ. ಪಾನಾ ಮೇಲ್ಮುಖವಾಗಿ ನಿಲ್ಲಿಸಿ ಮುಂದಿನ ಗಾಲಿಯ ಕಡೆ ಎಳೆದರೆ ಎರಡೂ ಪೆಡಲ್ ಬಿಗಿಯುತ್ತವೆ, ಹಿಂದಿನ ಗಾಲಿಯ ಕಡೆ ಎಳೆದರೆ ಎರಡೂ ಸಡಿಲವಾಗುತ್ತವೆ. ಹೆಚ್ಚಿನವಕ್ಕೆ 15 ನಂಬರ್ ಪಾನಾ ಬೇಕು. ಮೊದಲ ಮೂರು ನಾಲ್ಕು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಥ್ರೆಡ್ ಓರೆಯಾಗಿ ಕೂತಿದೆ ಎಂದರ್ಥ. ಪಾನಾದಿಂದ ಜೋರು ಮಾಡಿದರೆ ಕ್ರ್ಯಾಂಕೇ ಹಾಳು. ಥ್ರೆಡ್ಡಿಗೆ ಸ್ವಲ್ಪ ಗ್ರೀಸ್ ಹಚ್ಚಿ ಹಾಕಿ, ಮುಂದೆ ಬಿಚ್ಚುವಾಗ ತುಕ್ಕು ಹಿಡಿದಿರುವುದಿಲ್ಲ.

ಇನ್ನು ಅಪ್ಪನ ಮಾತಿಗೆ ಬರುತ್ತೇನೆ. ಪೆಡಲಿಗೆ ಕಾಲು ಕಟ್ಟಿದರೆ ಬಿದ್ದಾಗ ಬಿಡಿಸಿಕೊಳ್ಳುವುದು ಹೇಗೆ? ಈ ಹೆದರಿಕೆ ಸುಳ್ಳಲ್ಲ. ಪಟ್ಟಿ ಬಿಗಿದು, ಬಿಡಿಸಲು ಕಲಿಯದೆ ರಸ್ತೆಗೆ ಇಳಿದವರು ನಿಂತಲ್ಲೇ ಬೀಳುತ್ತಾರೆ. ಅದಕ್ಕೆ ಕಲಿಕೆಯೇ ಮದ್ದು. ನಾವು ಮನೆಯ ಹಿಂದಿನ ಬೇವಿನ ಮರ ಹಿಡಿದು ಶುರು ಮಾಡಿದೆವು. ಮೊದಲ ವಾರ ಪಟ್ಟಿ ಇಲ್ಲ, ಬರೀ ಕ್ಲಿಪ್ಪು. ಎರಡನೇ ವಾರ ಒಂದೇ ಕಾಲಿಗೆ ಪಟ್ಟಿ, ಅದೂ ಸಡಿಲ. ಕಾಲನ್ನು ಪಕ್ಕಕ್ಕೆ ಎಳೆಯಬಾರದು, ಹಿಂದಕ್ಕೆ ಜಾರಿಸಬೇಕು. ನೂರು ಸಲ ಮಾಡಿದ ಮೇಲೆ ಕಾಲಿಗೇ ಗೊತ್ತಾಗುತ್ತದೆ. ಬಿಗಿದ ಪಟ್ಟಿಯನ್ನು ಬಕಲ್ ಒತ್ತಿ ಒಂದೇ ಕೈಯಲ್ಲಿ ಸಡಿಲಿಸುವುದನ್ನೂ ಕಲಿಸಬೇಕು. ಪಟ್ಟಿ ಬಿಗಿಯುವುದು ಶರ್ಯತ್ತಿನಲ್ಲಿ ಮಾತ್ರ. ಬಸ್ಸು, ಟ್ರ್ಯಾಕ್ಟರ್ ಓಡಾಡುವ ರಸ್ತೆಯಲ್ಲಿ, ಊರೊಳಗೆ, ದನ ಅಡ್ಡ ಬರುವ ಕಡೆ ಸಡಿಲವೇ ಇರಲಿ. ಬೂಟಿನ ಲೇಸ್ ಗಿಡ್ಡ ಕಟ್ಟಿ ಒಳಗೆ ಸೇರಿಸಿ. ಚೂಡಿದಾರದ ಕಾಲನ್ನು ರಬ್ಬರಿನಿಂದ ಬಿಗಿ ಮಾಡಿ, ಚೈನಿಗೆ ಸಿಕ್ಕೀತು. ಚಪ್ಪಲಿ ಹಾಕಿ ಟೋ ಕ್ಲಿಪ್ ಬೇಡವೇ ಬೇಡ.

ಜಾತ್ರಾ ಕಮಿಟಿಯ ಹಿರಿಯರಿಗೆ ನನ್ನದೊಂದು ವಿನಂತಿ. ಎತ್ತಿನ ಶರ್ಯತ್ತಿನಲ್ಲಿ ಗಾಡಿಯ ಗಾಲಿ, ಕೀಲು ನೋಡದೆ ಬಿಡುವುದಿಲ್ಲ ನೀವು. ಸೈಕಲ್ಲಿಗೂ ಐದು ನಿಮಿಷ ಕೊಡಿ. ಸಾಲಾಗಿ ನಿಂತಾಗ ಊರಿನ ಸೈಕಲ್ ಮಿಸ್ತ್ರಿಯೊಬ್ಬರು ಪ್ರತಿ ಸೈಕಲ್ಲಿನ ಪೆಡಲ್ ಅಲುಗಾಡಿಸಿ, ಬ್ರೇಕ್ ಒತ್ತಿ ನೋಡಲಿ. ಆಡುವ ಪೆಡಲ್ ಇದ್ದವರನ್ನು ಸರಿ ಮಾಡಿಸಿಕೊಂಡು ಬಾ ಎಂದು ಕಳಿಸಲಿ. ಅವರಿಗೆ ಒಂದು ಶಾಲು ಹೊದಿಸಿ, ಕೂಲಿ ಕೊಡಿ. ಇನ್ನೊಂದು ಮಾತು: ಗೆದ್ದವರಿಗೆ ಗೋಡೆಗೆ ನಿಲ್ಲಿಸುವ ದೊಡ್ಡ ಕಪ್ಪು ಕೊಡುತ್ತೀರಿ. ಹುಡುಗಿಯರ ವಿಭಾಗದಲ್ಲಿ ಮೊದಲ ಮೂವರಿಗೆ ಒಂದೊಂದು ಜೋಡಿ ಗಟ್ಟಿ ಪೆಡಲ್ ಕೊಟ್ಟು ನೋಡಿ. ಮುಂದಿನ ವರ್ಷವೂ ಅವರು ಬರುತ್ತಾರೆ.

ತಂಗಿಯ ಕಥೆ ಏನಾಯಿತು ಅಂತೀರಾ? ಹನ್ನೆರಡನೇ ದಿನ ವಿಜಯಪುರಕ್ಕೆ ಹೋದೆವು. ಅಪ್ಪನಿಗೆ ಮುರಿದ ಪೆಡಲನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ದೆ. ಬಿದ್ದದ್ದು ಅವಳ ತಪ್ಪಿನಿಂದ ಅಲ್ಲ, ನನ್ನ 160 ರೂಪಾಯಿಯಿಂದ ಎಂದು ಹೇಳಿದ್ದೆ. ಅವನು ಎರಡನ್ನೂ ಕೈಯಲ್ಲಿ ತೂಗಿ ನೋಡಿದ, ಮಾತಾಡಲಿಲ್ಲ. ಬೆಳಗ್ಗೆ ಬಸ್ಸಿನ ಖರ್ಚಿಗೆ ದುಡ್ಡು ಕೊಟ್ಟ. ಹೊಸ ಪೆಡಲಿಗೆ ಅವತ್ತು ಪಟ್ಟಿ ಕಟ್ಟಲಿಲ್ಲ, ಕ್ಲಿಪ್ಪು ಮಾತ್ರ. ಹೊಲಿಗೆ ಹಾಕಿದ ಮೊಣಕೈ ಇನ್ನೂ ಮಡಚಲು ಬರುತ್ತಿರಲಿಲ್ಲ. ಆಯ್ಕೆ ಆಗಲಿಲ್ಲ. ಈ ವರ್ಷ ಮತ್ತೆ ಹೋಗುತ್ತಾಳೆ.

ಆ ಪೆಡಲನ್ನು ಇದುವರೆಗೆ ಎರಡು ಸಲ ಬಿಚ್ಚಿ ಬಾಲ್ಸು ತೊಳೆದು ಗ್ರೀಸ್ ಹಾಕಿದ್ದೇವೆ. ಮೊನ್ನೆ ಮಳೆಯಾದ ಮರುದಿನ ಅಪ್ಪ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಪೆಡಲ್ ತಿರುಗಿಸುತ್ತಿದ್ದ. ನನ್ನನ್ನು ನೋಡಿ, “ಎಡಗಡಿದು ಸ್ವಲ್ಪ ಸಪ್ಪಳ ಮಾಡಾಕತ್ತೈತಿ. ಕಾಕಾನ ಕಡೆ ಒಯ್ದು ಬಾ” ಅಂದ.

ನಿಮ್ಮ ಮನೆಯಲ್ಲೂ ಸೈಕಲ್ ತುಳಿಯುವ ಮಗು ಇದ್ದರೆ, ಇದನ್ನು ಓದಿ ಮುಗಿಸಿದ ಮೇಲೆ ಎದ್ದು ಹೋಗಿ ಅದರ ಪೆಡಲ್ ಒಮ್ಮೆ ಅಲುಗಾಡಿಸಿ ನೋಡಿ. ನಿಮ್ಮೂರ ಜಾತ್ರೆ ಹತ್ತಿರ ಬಂದಿದ್ದರೆ ಕಮಿಟಿಯ ವಾಟ್ಸಾಪ್ ಗ್ರೂಪಿಗೂ ಇದನ್ನು ಕಳಿಸಿ.